ಮುಷ್ಟಿಮಲ್ಲ ಮೆಂಡೋಜ

ರಾಯಚೂರು ಜಿಲ್ಲೆಯ ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳಲ್ಲಿ ಜಾತ್ರೆಯ ತೇರು ಎಳೆದ ಮೇಲೆ ಕುಸ್ತಿಯ ಕಣ ಕೂಡುವುದು ಹಳೆಯ ವಾಡಿಕೆ. ಹಲಗೆಯ ಸದ್ದು ಕಿವಿಗೆ ಬಿದ್ದೊಡನೆ ಊರಿನ ಗಂಡಸರೆಲ್ಲ ಕೆಮ್ಮಣ್ಣಿನ ಸುತ್ತ ಕಿಕ್ಕಿರಿದು ಕುಳಿತುಕೊಳ್ಳುತ್ತಾರೆ. ತೆಂಗಿನಕಾಯಿಯ ಪಣಕ್ಕೆ ಸೆಣಸುವ ಹುಡುಗರಿಂದ ತೊಡಗಿ ಬೆಳ್ಳಿಯ ಕಡಗಕ್ಕೆ ಸೆಣಸುವ ಪೈಲ್ವಾನರವರೆಗೆ ಕಾಳಗ ಸಾಗುತ್ತದೆ. ನಾನು ಮಾನ್ವಿಯಲ್ಲಿ ಉಪಾಧ್ಯಾಯನಾಗಿದ್ದಾಗ ಇಂತಹ ಒಂದು ಕಣದಲ್ಲಿ ಸಣ್ಣ ಮೈಯ ಹುಡುಗನೊಬ್ಬನನ್ನು ಕಂಡೆ. ಎದುರಾಳಿ ಅವನಿಗಿಂತ ಒಂದೂವರೆ ಪಟ್ಟು ದೊಡ್ಡವನು. ಹುಡುಗ ಅವನ ಕೈಗೆ ಸಿಕ್ಕದೆ ಪಕ್ಕಕ್ಕೆ ಸರಿಯುವನು, ಬಗ್ಗುವನು, ಕ್ಷಣದಲ್ಲಿ ಹಿಂದಿನಿಂದ ಬಂದು ಕಾಲಿಗೆ ಕೈ ಹಾಕಿ ಮತ್ತೆ ದೂರ ಹೋಗುವನು. ಗರಡಿಯ ಯಾವ ವಸ್ತಾದನೂ ಅವನಿಗೆ ಅದನ್ನು ಕಲಿಸಿರಲಾರ. ನೋಡುತ್ತಿದ್ದ ಜನಕ್ಕೆ ಅದು ಸೇರಲಿಲ್ಲ. ಅಂಜುಬುರುಕನೆಂದು ಕೂಗಿ ಹೀಯಾಳಿಸಿದರು. ಕುಸ್ತಿ ಸಮವೆಂದು ಮುಗಿಯಿತು. ಹುಡುಗನಿಗೆ ಕಾಯಿ ದೊರೆಯಲಿಲ್ಲ, ಬೈಗುಳ ದೊರೆಯಿತು.

ಡೇನಿಯಲ್ ಮೆಂಡೋಜನ ಜೀವನವನ್ನು ಓದುವಾಗಲೆಲ್ಲ ನನಗೆ ಆ ಹುಡುಗನ ನೆನಪಾಗುತ್ತದೆ. ಮೆಂಡೋಜ ಇನ್ನೂರು ವರ್ಷಗಳಿಗೂ ಹಿಂದೆ ಇಂಗ್ಲೆಂಡಿನಲ್ಲಿ ಹೆಸರಾಗಿದ್ದ ಮುಷ್ಟಿಮಲ್ಲ.

ಮುಷ್ಟಿಕಾಳಗವೆಂದರೆ ನಮಗೆ ಪರದೇಶದ ವಿದ್ಯೆಯೆಂಬ ಭಾವನೆ ಇದೆ. ಅದು ಪೂರ್ತಿ ನಿಜವಲ್ಲ. ಕಂಸನ ಸಭೆಯಲ್ಲಿ ಬಲರಾಮನೊಡನೆ ಹೋರಾಡಿ ಮಡಿದ ಮಲ್ಲನ ಹೆಸರೇ ಮುಷ್ಟಿಕ. ಮಾನ್ವಿಯ ಸೀಮೆಯನ್ನು ಮುಟ್ಟಿ ಹರಿಯುವ ತುಂಗಭದ್ರೆಯ ದಡವನ್ನೇ ಹಿಡಿದು ಮೇಲಕ್ಕೆ ನಡೆದರೆ ವಿಜಯನಗರದ ಹಾಳುಪಟ್ಟಣ ಸಿಕ್ಕುತ್ತದೆ. ಕೃಷ್ಣದೇವರಾಯನು ಬಿಜಾಪುರದ ಸುಲ್ತಾನನಿಂದ ರಾಯಚೂರಿನ ಕೋಟೆಯನ್ನು ಗೆದ್ದುಕೊಂಡದ್ದು 1520ರಲ್ಲಿ. ಸುಮಾರು ಆ ಕಾಲದಲ್ಲಿಯೇ ವಿಜಯನಗರಕ್ಕೆ ಬಂದಿದ್ದ ಡೊಮಿಂಗೊ ಪಯಸ್ ಎಂಬ ಪೋರ್ಚುಗೀಸ್ ಪ್ರವಾಸಿಯು ಮಹಾನವಮಿಯ ಕುಸ್ತಿಗಳನ್ನು ನೋಡಿ ಬೆರಗಾದನು. ಅಲ್ಲಿಯ ಜಟ್ಟಿಗಳು ಬರಿಯ ಪಟ್ಟು ಹಾಕುತ್ತಿರಲಿಲ್ಲ. ಹಲ್ಲು ಮುರಿಯುವಂತೆ, ಕಣ್ಣು ಹೋಗುವಂತೆ ಗುದ್ದುತ್ತಿದ್ದರೆಂದು ಅವನು ಬರೆದಿಟ್ಟಿದ್ದಾನೆ. ಮುಂದೆ ಮೈಸೂರು ಸೀಮೆಯ ಜಟ್ಟಿಗಳು ಬೆರಳುಗಳಿಗೆ ಕೊಂಬಿನ ಆಯುಧವನ್ನು ತೊಟ್ಟು ವಜ್ರಮುಷ್ಟಿ ಕಾಳಗವನ್ನು ಆಡಿದರು. ಮೆಂಡೋಜನು ಇಂಗ್ಲೆಂಡಿನಲ್ಲಿ ಹೋರಾಡುತ್ತಿದ್ದ ವರ್ಷಗಳಲ್ಲಿಯೇ ಟಿಪ್ಪು ಸುಲ್ತಾನನ ಶ್ರೀರಂಗಪಟ್ಟಣದಲ್ಲಿ ಇಂತಹ ಕಾಳಗಗಳು ನಡೆಯುತ್ತಿದ್ದವು. ಅಲ್ಲಿ ಸೆರೆಯಲ್ಲಿದ್ದ ಜೇಮ್ಸ್ ಸ್ಕರಿ ಎಂಬ ಇಂಗ್ಲಿಷ್ ಹುಡುಗ ಅವನ್ನು ಕಣ್ಣಾರೆ ಕಂಡಿದ್ದನು.

ಇನ್ನು ಇಂಗ್ಲೆಂಡಿನ ಮಾತು. ಈಗಿನ ಬಾಕ್ಸಿಂಗಿನಲ್ಲಿ ಕೈಗೆ ಮೆತ್ತನೆಯ ಚೀಲವಿರುತ್ತದೆ, ಸುತ್ತಿಗೆ ಮೂರು ನಿಮಿಷವೆಂಬ ಕಟ್ಟಿರುತ್ತದೆ, ತೂಕಕ್ಕೆ ತಕ್ಕ ವರ್ಗಗಳಿರುತ್ತವೆ. ಅಂದು ಇವು ಯಾವುವೂ ಇರಲಿಲ್ಲ. ಬರಿಗೈಯ ಗುದ್ದು. 1743ರಲ್ಲಿ ಜಾಕ್ ಬ್ರೌಟನ್ ಎಂಬ ಮಲ್ಲನು ಕೆಲವು ನಿಯಮಗಳನ್ನು ಮಾಡಿದ್ದನು. ಕೆಳಗೆ ಬಿದ್ದವನನ್ನು ಹೊಡೆಯಬಾರದು, ಸೊಂಟದಿಂದ ಕೆಳಗೆ ಹಿಡಿಯಬಾರದು, ಬಿದ್ದವನು ಅರ್ಧ ನಿಮಿಷದೊಳಗೆ ಎದ್ದು ಕಣದ ನಡುವಿನ ಗೆರೆಗೆ ಬಂದು ನಿಲ್ಲಬೇಕು. ನಿಲ್ಲಲಾಗದಿದ್ದರೆ ಅವನು ಸೋತಂತೆ. ಒಬ್ಬನು ಬಿದ್ದಾಗ ಒಂದು ಸುತ್ತು ಮುಗಿಯುತ್ತಿತ್ತು. ಎಷ್ಟು ಸುತ್ತುಗಳೆಂಬ ಲೆಕ್ಕವಿರಲಿಲ್ಲ. ಐವತ್ತು ಸುತ್ತುಗಳವರೆಗೂ ನಡೆದ ಕಾಳಗಗಳಿವೆ. ಎಪ್ಪತ್ತು ಕಿಲೋ ತೂಕದವನ ಮುಂದೆ ತೊಂಬತ್ತು ಕಿಲೋ ತೂಕದವನು ನಿಂತರೂ ಕೇಳುವವರಿರಲಿಲ್ಲ. ಎದುರಾಳಿಯ ಮುಂದೆ ಕಾಲು ಕದಲದಂತೆ ಬೇರೂರಿ ನಿಂತು, ಕೊಟ್ಟಷ್ಟು ಕೊಟ್ಟು, ತಿಂದಷ್ಟು ತಿನ್ನುವುದೇ ಪೌರುಷವೆಂದು ಜನ ತಿಳಿದಿದ್ದರು. ಹಿಂದೆ ಸರಿದವನು ಹೇಡಿ.

ಇಂತಹ ಕಾಲದಲ್ಲಿ ಲಂಡನ್ ನಗರದ ಪೂರ್ವಭಾಗದಲ್ಲಿ ಮೆಂಡೋಜನು ಹುಟ್ಟಿದನು. ತಾನು ಹುಟ್ಟಿದ್ದು 1764ರ ಜುಲೈ ತಿಂಗಳಲ್ಲಿ ಎಂದು ಅವನು ತನ್ನ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿದ್ದಾನೆ. ಹಿಂದೆ ಸ್ಪೇನ್, ಪೋರ್ಚುಗಲ್ ದೇಶಗಳಿಂದ ಹೊರದೂಡಲ್ಪಟ್ಟ ಯೆಹೂದಿ ಮನೆತನಗಳಲ್ಲಿ ಅವನದೂ ಒಂದು. ಇಂಗ್ಲೆಂಡಿನ ದೊರೆ 1290ರಲ್ಲಿ ಯೆಹೂದಿಗಳನ್ನೆಲ್ಲ ತನ್ನ ದೇಶದಿಂದ ಓಡಿಸಿದ್ದನು. ಅವರು ಮತ್ತೆ ಬಂದು ನೆಲಸಲು ಅನುಮತಿ ದೊರೆತದ್ದು 1656ರಲ್ಲಿ, ಸುಮಾರು ಮುನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ಮೇಲೆ. ಬಂದ ಮೇಲೂ ಅವರಿಗೆ ಸಮಾನತೆ ಇರಲಿಲ್ಲ. ಯೆಹೂದಿಯೊಬ್ಬನು ತನ್ನ ಧರ್ಮದಂತೆ ಪ್ರಮಾಣ ಮಾಡಿ ಪಾರ್ಲಿಮೆಂಟಿನಲ್ಲಿ ಕುಳಿತದ್ದು 1858ರಲ್ಲಿ. ಮೆಂಡೋಜನ ಬಾಲ್ಯದಲ್ಲಿ ಬೀದಿಯಲ್ಲಿ ಹೋಗುವ ಯೆಹೂದಿಯ ಗಡ್ಡ ಎಳೆಯುವುದು, ಅವನ ಮೇಲೆ ಉಗುಳುವುದು, ಕಲ್ಲೆಸೆಯುವುದು ಪುಂಡರಿಗೆ ವಿನೋದವಾಗಿತ್ತು. ಪೋಲೀಸರೆಂಬುವರು ಆ ನಗರದಲ್ಲಿ ಇನ್ನೂ ಹುಟ್ಟಿಯೇ ಇರಲಿಲ್ಲ.

ತಂದೆತಾಯಿಗಳು ಕೈಕಸುಬಿನವರು, ಸಿರಿವಂತರಲ್ಲ. ಹುಡುಗ ತನ್ನ ಜನರ ಶಾಲೆಯಲ್ಲಿ ಓದು ಬರಹ ಕಲಿತು, ಹದಿಮೂರು ದಾಟಿದ ಮೇಲೆ ಕೆಲಸಕ್ಕೆ ಸೇರಿದನು. ಮೊದಲು ಗಾಜು ಕೊರೆಯುವವನ ಬಳಿ ಶಿಷ್ಯನಾದನು. ಒಡೆಯನ ಮಗನೊಡನೆ ಜಗಳವಾಗಿ ಅಲ್ಲಿಂದ ಹೊರಬಿದ್ದನು. ಆಮೇಲೆ ಹಣ್ಣು ತರಕಾರಿಯ ಅಂಗಡಿ. ಅಲ್ಲಿಯೂ ಒಡತಿಯನ್ನು ಹಳಿದವರೊಡನೆ ಕೈ ಮಿಲಾಯಿಸಬೇಕಾಯಿತು. ಮುಂದೆ ಚಹದ ವ್ಯಾಪಾರಿಯೊಬ್ಬನಲ್ಲಿ ಕೆಲಸಕ್ಕಿದ್ದಾಗ ಚಹದ ಮೂಟೆ ತಂದ ಕೂಲಿಯಾಳೊಬ್ಬನು ಒಡೆಯನ ಮೇಲೆ ಏರಿಬಂದನು. ಆಳು ದೈತ್ಯಾಕಾರದವನು. ಹುಡುಗ ಅವನನ್ನು ಬೀದಿಗೆ ಕರೆದನು. ಮುಕ್ಕಾಲು ಗಂಟೆಯ ಹೊತ್ತು ನಡೆದ ಆ ಬೀದಿ ಕಾಳಗದಲ್ಲಿ ಕೂಲಿಯಾಳು ಸೋತು ಹೋದನು. ನೋಡಲು ಸೇರಿದ್ದವರ ನಡುವೆ ರಿಚರ್ಡ್ ಹಂಫ್ರೀಸ್ ಎಂಬ ಪ್ರಸಿದ್ಧ ಮುಷ್ಟಿಮಲ್ಲನಿದ್ದನು. ಅಪರಿಚಿತ ಹುಡುಗನ ಬೆನ್ನಿಗೆ ನಿಂತು ಅಂದು ಅವನ ಸಹಾಯಕನಾದವನು ಅವನೇ. ಮುಂದೆ ಮೆಂಡೋಜನ ಬದುಕಿನ ದೊಡ್ಡ ವೈರಿಯಾದವನೂ ಅವನೇ.

ಮೆಂಡೋಜನ ಎತ್ತರ 5 ಅಡಿ 7 ಅಂಗುಲ. ತೂಕ ಸುಮಾರು 72 ಕಿಲೋಗ್ರಾಂ. ಎದೆ ಅಗಲವಾಗಿತ್ತೆಂಬುದನ್ನು ಬಿಟ್ಟರೆ ಮಲ್ಲರ ಸಾಲಿನಲ್ಲಿ ಅವನು ಕುಳ್ಳನೇ. ಕಾಲು ಊರಿ ನಿಂತು ಗುದ್ದಿಗೆ ಗುದ್ದು ಕೊಡುವ ಪದ್ಧತಿಯಲ್ಲಿ ಅವನು ಎಷ್ಟು ದಿನ ಉಳಿಯಬಹುದಾಗಿತ್ತು? ದೊಡ್ಡ ಮಲ್ಲರ ನಾಲ್ಕು ಗುದ್ದು ಸರಿಯಾಗಿ ಬಿದ್ದರೆ ಅವನ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದಕಾರಣ ಅವನು ತನ್ನ ಮೈಗೆ ಒಪ್ಪುವ ವಿದ್ಯೆಯನ್ನು ತಾನೇ ಕಟ್ಟಿಕೊಳ್ಳಬೇಕಾಯಿತು. ಹಿಂದಿನ ಮಲ್ಲರಿಗೆ ಗುದ್ದನ್ನು ತಡೆಯುವ ವಿಧಾನಗಳು ತಿಳಿದಿರಲಿಲ್ಲವೆಂದಲ್ಲ. ಹಂಫ್ರೀಸನೂ ಒಳ್ಳೆಯ ಚತುರನೇ. ಆದರೆ ತಡೆಯುವುದನ್ನೂ ತಪ್ಪಿಸಿಕೊಳ್ಳುವುದನ್ನೂ ಕಾಳಗದ ಮುಖ್ಯ ಭಾಗವೆಂದು ಬಗೆದು, ಅದಕ್ಕೊಂದು ಕ್ರಮವನ್ನು ತಂದವನು ಮೆಂಡೋಜ.

ಅವನು ಎಡಗಾಲನ್ನು ಮುಂದಿಟ್ಟು, ಮಂಡಿಗಳನ್ನು ಕೊಂಚ ಬಾಗಿಸಿ, ಮೈಯ ಭಾರ ಎತ್ತಲೂ ವಾಲದಂತೆ ನಿಲ್ಲುವನು. ಎರಡು ಮುಷ್ಟಿಗಳೂ ಗದ್ದದ ಎದುರಿಗೆ ಇರುವುವು. ಎದುರಾಳಿಯ ಗುದ್ದು ಹೊರಟೊಡನೆ ಅದನ್ನು ಮುಂಗೈಯಿಂದ ಬದಿಗೆ ತಳ್ಳುವನು, ಇಲ್ಲವೇ ಒಂದು ಹೆಜ್ಜೆ ಪಕ್ಕಕ್ಕೆ ಇಡುವನು. ಗುದ್ದು ಗಾಳಿಯನ್ನು ಹೊಡೆದಾಗ ಹೊಡೆದವನ ಮೈ ತಾನಾಗಿ ಮುಂದಕ್ಕೆ ಬಾಗುತ್ತದೆ. ಕೈ ಹಿಂದಕ್ಕೆ ಬರಲು ಒಂದು ಕ್ಷಣ ಬೇಕು. ಆ ಒಂದು ಕ್ಷಣವೇ ಮೆಂಡೋಜನ ಬಂಡವಾಳ. ಅವನ ಎಡಗೈ ನೇರವಾಗಿ ಮುಖಕ್ಕೆ ತಾಗುವುದು, ಅದರ ಹಿಂದೆಯೇ ಇನ್ನೆರಡು ಮೂರು ಗುದ್ದುಗಳು ಬೀಳುವುವು. ಒಂದೊಂದು ಗುದ್ದೂ ಕೊಡಲಿಯ ಏಟಲ್ಲ. ಆದರೆ ಎಣಿಕೆಯಲ್ಲಿ ಹೆಚ್ಚು, ಗುರಿಯಲ್ಲಿ ಖಚಿತ. ಹತ್ತು ಹದಿನೈದು ಸುತ್ತುಗಳಾಗುವಷ್ಟರಲ್ಲಿ ದೊಡ್ಡ ಮೈಯವನು ಗಾಳಿಗೆ ಗುದ್ದಿ ಗುದ್ದಿಯೇ ಏದುಸಿರು ಬಿಡತೊಡಗುವನು. ಒಕ್ಕಲು ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಯಲು ಬರುವ ಹೋರಿಯ ಎದುರು ಯಾರೂ ಎದೆಯೊಡ್ಡಿ ನಿಲ್ಲುವುದಿಲ್ಲ. ಬದಿಗೆ ಸರಿದು ಮೂಗುದಾರಕ್ಕೆ ಕೈ ಹಾಕುತ್ತಾರೆ.

ಆದರೂ ಕಣದ ಸುತ್ತ ಕುಳಿತವರು ಇದನ್ನು ಒಪ್ಪಲಿಲ್ಲ. ಇದು ಇಂಗ್ಲಿಷರ ಗಂಡಸುತನವಲ್ಲ, ಯೆಹೂದಿಯ ಕುಟಿಲ ವಿದ್ಯೆಯೆಂದು ಅನೇಕರು ಜರೆದರು. ತಮ್ಮ ಹಣವನ್ನು ಅವನ ಮೇಲೆ ಪಣವಾಗಿ ಕಟ್ಟಿದವರು ಮಾತ್ರ ಸುಮ್ಮನಿದ್ದರು.

1787ರ ಏಪ್ರಿಲ್ ತಿಂಗಳಲ್ಲಿ ಬಾರ್ನೆಟ್ ಎಂಬಲ್ಲಿ ಮಾರ್ಟಿನ್ ಎಂಬ ಕಟುಕ ವೃತ್ತಿಯ ಮಲ್ಲನನ್ನು ಮೆಂಡೋಜ ಸೋಲಿಸಿದನು. ಆ ಕಾಳಗವನ್ನು ನೋಡಲು ಇಂಗ್ಲೆಂಡಿನ ಯುವರಾಜನೇ ಬಂದಿದ್ದನು. ಅಲ್ಲಿಂದ ಮೆಂಡೋಜನ ಹೆಸರು ಪತ್ರಿಕೆಗಳಲ್ಲಿ ಕಾಣಿಸಿಕೊಳ್ಳತೊಡಗಿತು. ಅಷ್ಟರಲ್ಲಿ ಹಂಫ್ರೀಸನ ಸ್ನೇಹ ಮುರಿದಿತ್ತು. ಇಬ್ಬರ ನಡುವೆ ಮೂರು ಕಾಳಗಗಳು ನಡೆದವು.

ಮೊದಲನೆಯದು 1788ರ ಜನವರಿ 9ರಂದು ಓಡಿಹ್ಯಾಮ್ ಎಂಬ ಊರಿನಲ್ಲಿ. ಮಳೆಯಿಂದ ಹಲಗೆಯ ಅಟ್ಟ ನೆನೆದು ಜಾರುತ್ತಿತ್ತು. ಕಾಲಿನ ಚಲನೆಯನ್ನೇ ನಂಬಿದವನಿಗೆ ಜಾರುವ ನೆಲಕ್ಕಿಂತ ದೊಡ್ಡ ಶತ್ರುವಿಲ್ಲ. ಹಂಫ್ರೀಸನು ನಡುವೆ ಪಾದರಕ್ಷೆ ಕಳಚಿ ಉಣ್ಣೆಯ ಕಾಲುಚೀಲ ತೊಟ್ಟನು. ಒಮ್ಮೆ ಮೆಂಡೋಜನ ಬಲವಾದ ಗುದ್ದೊಂದು ಹಂಫ್ರೀಸನಿಗೆ ಬೀಳುವುದರಲ್ಲಿದ್ದಾಗ, ಹಂಫ್ರೀಸನ ಸಹಾಯಕನಾಗಿ ನಿಂತಿದ್ದ ಜಾನ್ಸನ್ನನು ಅದನ್ನು ತನ್ನ ಕೈಯಿಂದ ತಡೆದುಬಿಟ್ಟನು. ತೀರ್ಪುಗಾರರು ಅದನ್ನು ತಪ್ಪೆಂದು ಎಣಿಸಲಿಲ್ಲ. ಕೊನೆಗೆ ಮೆಂಡೋಜನು ಜಾರಿ ಬಿದ್ದು ಕಾಲು ಉಳುಕಿಸಿಕೊಂಡು ಸೋಲೊಪ್ಪಬೇಕಾಯಿತು. ಸೋತ ಮೇಲೆ ಅವನು ಸುಮ್ಮನಾಗಲಿಲ್ಲ. ಇಬ್ಬರೂ ಪತ್ರಿಕೆಗಳಿಗೆ ಕಾಗದ ಬರೆದು ಒಬ್ಬರನ್ನೊಬ್ಬರು ಕೆಣಕಿದರು. ಆ ಕಾಗದಗಳನ್ನು ಓದಲೆಂದೇ ಜನ ಪತ್ರಿಕೆ ಕೊಂಡರು. ಹೆಸರನ್ನು ಹಣವಾಗಿಸುವ ಜಾಣತನವೂ ಮೆಂಡೋಜನಿಗೆ ಇತ್ತೆಂಬುದನ್ನು ಮರೆಮಾಚಬೇಕಾಗಿಲ್ಲ.

ಎರಡನೆಯ ಕಾಳಗ 1789ರ ಮೇ 6ರಂದು ಸ್ಟಿಲ್ಟನ್ನಿನಲ್ಲಿ ನಡೆಯಿತು. ಗುದ್ದು ತಾಗದೆ ಬಿದ್ದವನು ಸೋತಂತೆ ಎಂಬ ಒಪ್ಪಂದ ಮೊದಲೇ ಆಗಿತ್ತು. ಪಕ್ಕಕ್ಕೆ ಸರಿಯುವ ಮೆಂಡೋಜನನ್ನು ಕಟ್ಟಿಹಾಕುವುದಕ್ಕೆ ಇದು ಒಳ್ಳೆಯ ಉಪಾಯವೆಂದು ಅವನ ವಿರೋಧಿಗಳು ಭಾವಿಸಿದ್ದರೋ ಏನೋ. ಆದರೆ ಗುದ್ದು ತಾಗದೆ ಬಿದ್ದವನು ಹಂಫ್ರೀಸ್! ಸುತ್ತ ಕೂಗಾಟವೆದ್ದಿತು, ವಾದವಾಯಿತು, ಕಾಳಗ ಮತ್ತೆ ಮುಂದುವರಿಯಿತು. ಹಂಫ್ರೀಸನು ಮತ್ತೊಮ್ಮೆ ಹಾಗೆಯೇ ಬಿದ್ದನು. ಗೆಲುವು ಮೆಂಡೋಜನದಾಯಿತು. ಮೂರನೆಯ ಕಾಳಗ 1790ರ ಸೆಪ್ಟೆಂಬರಿನಲ್ಲಿ ಡಾಂಕಾಸ್ಟರಿನಲ್ಲಿ ನಡೆಯಿತು. ಅಲ್ಲಿ ಮೆಂಡೋಜನ ಗೆಲುವನ್ನು ಕುರಿತು ಯಾರೂ ವಾದಿಸಲಿಲ್ಲ.

1789ರಲ್ಲಿಯೇ ಮೆಂಡೋಜನು ಮುಷ್ಟಿಯುದ್ಧದ ಕಲೆಯನ್ನು ಕುರಿತು ಒಂದು ಪುಸ್ತಕವನ್ನು ಪ್ರಕಟಿಸಿದನು. ಯಾವ ಗುದ್ದನ್ನು ಯಾವ ಕೈಯಿಂದ ತಡೆಯಬೇಕು, ತಡೆದೊಡನೆ ಎಲ್ಲಿಗೆ ಹೊಡೆಯಬೇಕು ಎಂಬುದನ್ನು ಪಾಠಗಳಾಗಿ ವಿಂಗಡಿಸಿ ಅದರಲ್ಲಿ ವಿವರಿಸಿದ್ದಾನೆ. ನಮ್ಮ ಗರಡಿಗಳಲ್ಲಿ ಎಷ್ಟೋ ಪಟ್ಟುಗಳು ವಸ್ತಾದನ ಎದೆಯಲ್ಲಿಯೇ ಉಳಿದು ಅವನೊಡನೆ ಮಣ್ಣಾದುದನ್ನು ಕೇಳಿರುವ ನನಗೆ, ತನ್ನ ಗುಟ್ಟನ್ನು ತಾನೇ ಅಚ್ಚು ಹಾಕಿಸಿ ವೈರಿಗಳ ಕೈಗೂ ಕೊಟ್ಟ ಈ ಮಲ್ಲನ ಧೈರ್ಯ ಅವನ ಗೆಲುವುಗಳಿಗಿಂತ ಹೆಚ್ಚಿನದೆಂದು ತೋರುತ್ತದೆ.

ಪುಸ್ತಕದ ಜತೆಗೆ ಅವನು ಲಂಡನ್ನಿನಲ್ಲಿ ಶಾಲೆಯೊಂದನ್ನು ತೆರೆದನು. ಸಿರಿವಂತರ ಮಕ್ಕಳು ಹಣ ಕೊಟ್ಟು ಕಲಿತರು. ಅವನ ಸ್ವಜನರಾದ ಯೆಹೂದಿ ತರುಣರೂ ಕಲಿತರು. ಆ ಕಾಲವನ್ನು ಕಂಡಿದ್ದ ಫ್ರಾನ್ಸಿಸ್ ಪ್ಲೇಸ್ ಎಂಬ ಸಮಾಜ ಸುಧಾರಕನು ಮುಂದೆ ತನ್ನ ನೆನಪುಗಳನ್ನು ಬರೆದಿಟ್ಟಾಗ ಇದರ ಫಲವನ್ನು ಹೇಳಿದ್ದಾನೆ. ಮೆಂಡೋಜನ ವಿದ್ಯೆ ಯೆಹೂದಿ ತರುಣರಲ್ಲಿ ಹರಡಿದ ಮೇಲೆ ಬೀದಿಯಲ್ಲಿ ಅವರನ್ನು ಕಾಡುವುದು ಅಪಾಯದ ಕೆಲಸವಾಯಿತು. ಗಡ್ಡ ಎಳೆಯುವ ಕೈಗಳು ಹಿಂಜರಿದವು. ಕಾನೂನು ಮಾಡದ ಕೆಲಸವನ್ನು ಕುಳ್ಳ ಮಲ್ಲನ ಪಾಠಗಳು ಸ್ವಲ್ಪಮಟ್ಟಿಗಾದರೂ ಮಾಡಿದವು.

1792ರ ಮೇ ತಿಂಗಳಲ್ಲಿ ಬಿಲ್ ವಾರ್ ಎಂಬ ಮಲ್ಲನನ್ನು ಗೆದ್ದು ಮೆಂಡೋಜ ಇಂಗ್ಲೆಂಡಿನ ಅಗ್ರಮಲ್ಲನೆನಿಸಿದನು. 1794ರಲ್ಲಿ ಅದೇ ವಾರ್‌ನನ್ನು ಇನ್ನೊಮ್ಮೆ ಸೋಲಿಸಿದನು. ಆಮೇಲೆ ಬಂದದ್ದು 1795ರ ಏಪ್ರಿಲ್ 15. ಎಸೆಕ್ಸ್ ಸೀಮೆಯ ಹಾರ್ನ್‌ಚರ್ಚಿನಲ್ಲಿ ಅವನೆದುರು ನಿಂತವನು ಜಾನ್ ಜಾಕ್ಸನ್. ಎತ್ತರ 5 ಅಡಿ 11 ಅಂಗುಲ. ತೂಕ ಮೆಂಡೋಜನದಕ್ಕಿಂತ ಹದಿನೈದು ಕಿಲೋಗ್ರಾಮಿಗೂ ಹೆಚ್ಚು. ವಯಸ್ಸಿನಲ್ಲಿ ಐದು ವರ್ಷ ಕಿರಿಯ. ಇಷ್ಟೆಲ್ಲ ಅನುಕೂಲಗಳಿದ್ದರೂ ಪಕ್ಕಕ್ಕೆ ಸರಿಯುವ ಆ ತಲೆಯನ್ನು ಗುದ್ದುವುದು ಸುಲಭವಾಗಿರಲಿಲ್ಲ. ಐದನೆಯ ಸುತ್ತಿನಲ್ಲಿ ಜಾಕ್ಸನ್ನನು ಒಂದು ಕೈಯಿಂದ ಮೆಂಡೋಜನ ಉದ್ದ ಕೂದಲನ್ನು ಹಿಡಿದುಕೊಂಡು ಇನ್ನೊಂದು ಕೈಯಿಂದ ಗುದ್ದತೊಡಗಿದನು. ಮೆಂಡೋಜನ ಕಡೆಯವರು ಮೊರೆಯಿಟ್ಟರು. ಬ್ರೌಟನ್ನನ ನಿಯಮಗಳು ಸೊಂಟದ ಕೆಳಗೆ ಹಿಡಿಯುವುದನ್ನು ನಿಷೇಧಿಸಿದ್ದವೇ ಹೊರತು ಕೂದಲಿನ ಮಾತನ್ನು ಎತ್ತಿರಲಿಲ್ಲ. ತೀರ್ಪುಗಾರರು ಸುಮ್ಮನಿದ್ದರು. ಒಂಬತ್ತು ಸುತ್ತುಗಳಲ್ಲಿ, ಹನ್ನೊಂದು ನಿಮಿಷವೂ ತುಂಬದಷ್ಟರಲ್ಲಿ, ಎಲ್ಲವೂ ಮುಗಿಯಿತು.

ಜಾಕ್ಸನ್ನನು ಆಮೇಲೆ ಲಂಡನ್ನಿನ ಬಾಂಡ್ ಬೀದಿಯಲ್ಲಿ ದೊಡ್ಡ ಶಾಲೆಯನ್ನು ತೆರೆದನು. ಕವಿ ಬೈರನ್ ಅಲ್ಲಿ ಅವನಿಂದ ಪಾಠ ಹೇಳಿಸಿಕೊಂಡನು. ಗುದ್ದನ್ನು ತಪ್ಪಿಸುವುದೂ ತಡೆಯುವುದೂ ಹೇಡಿತನವೆಂದು ಅಲ್ಲಿ ಯಾರೂ ಹೇಳಲಿಲ್ಲ. ಪ್ರಭುಗಳ ಮಕ್ಕಳು ಅದನ್ನೇ ಶಾಸ್ತ್ರವೆಂದು ಕಲಿತರು.

ಮೆಂಡೋಜನ ಮುಂದಿನ ನಲವತ್ತು ವರ್ಷಗಳು ಸುಖದವಲ್ಲ. ಕೈಗೆ ಬಂದ ಹಣ ಕೈಯಲ್ಲಿ ನಿಲ್ಲುವ ಸ್ವಭಾವ ಅವನದಾಗಿರಲಿಲ್ಲ, ಸಂಸಾರವೂ ದೊಡ್ಡದು. ಸಾಲ ತೀರಿಸಲಾಗದೆ ಸೆರೆಮನೆಯನ್ನು ಕಂಡನು. ಸೈನ್ಯಕ್ಕೆ ಜನರನ್ನು ಸೇರಿಸುವ ಕೆಲಸ ಮಾಡಿದನು, ಹೆಂಡದ ಅಂಗಡಿಯನ್ನು ನಡೆಸಿದನು, ಊರೂರು ತಿರುಗಿ ತನ್ನ ವಿದ್ಯೆಯ ಪ್ರದರ್ಶನ ಕೊಟ್ಟನು. 1806ರಲ್ಲಿ ಹ್ಯಾರಿ ಲೀ ಎಂಬುವನೊಡನೆ ಐವತ್ತಮೂರು ಸುತ್ತು ಕಾದಾಡಿ ಗೆದ್ದನು. 1809ರಲ್ಲಿ ಲಂಡನ್ನಿನ ಕೊವೆಂಟ್ ಗಾರ್ಡನ್ ನಾಟಕಶಾಲೆಯವರು ಪ್ರವೇಶದರವನ್ನು ಏರಿಸಿದಾಗ ಪ್ರೇಕ್ಷಕರು ರಾತ್ರಿರಾತ್ರಿಯೂ ಗದ್ದಲವೆಬ್ಬಿಸಿದರು. ಆ ಗದ್ದಲವನ್ನು ಅಡಗಿಸಲು ನಾಟಕಶಾಲೆಯವರು ಕೂಲಿಗೆ ತಂದ ಮಲ್ಲರಲ್ಲಿ ಮೆಂಡೋಜನೂ ಒಬ್ಬ. ಒಂದು ಕಾಲಕ್ಕೆ ಅವನನ್ನು ಹೊಗಳಿದ ಸಾಮಾನ್ಯ ಜನರ ಮೇಲೆಯೇ ಅವನ ಮುಷ್ಟಿ ಎದ್ದಿತು. ಜನ ಅದನ್ನು ಮರೆಯಲಿಲ್ಲ. ಅವನ ಜೀವನದಲ್ಲಿ ನಾನು ಓದಿ ನೊಂದುಕೊಳ್ಳುವ ಪುಟ ಇದೊಂದೇ. ಹಾರ್ನ್‌ಚರ್ಚಿನ ಸೋಲು ನನ್ನನ್ನು ಅಷ್ಟು ನೋಯಿಸುವುದಿಲ್ಲ.

1816ರಲ್ಲಿ ಆತ್ಮಚರಿತ್ರೆ ಹೊರಬಂದಿತು. ಅದರಿಂದಲೂ ಬಡತನ ತೀರಲಿಲ್ಲ. 1820ರಲ್ಲಿ, ಐವತ್ತೈದು ವರ್ಷಗಳಾದ ಮೇಲೆ, ಮೆಂಡೋಜನು ಬ್ಯಾನ್‌ಸ್ಟೆಡ್ ಬಯಲಿನಲ್ಲಿ ಟಾಮ್ ಓವೆನ್ ಎಂಬುವನೊಡನೆ ಮತ್ತೆ ಕಣಕ್ಕಿಳಿದನು. ಓವೆನ್ನನೂ ಐವತ್ತು ದಾಟಿದವನೇ. ಕಣ್ಣು ಗುದ್ದನ್ನು ಕಾಣುತ್ತಿತ್ತು, ಕಾಲು ಮಾತ್ರ ಸಮಯಕ್ಕೆ ಸರಿಯಲಿಲ್ಲ. ಹನ್ನೆರಡು ಸುತ್ತುಗಳಲ್ಲಿ ಅವನು ಸೋತನು. ಅದೇ ಅವನ ಕೊನೆಯ ಕಾಳಗ.

1836ರ ಸೆಪ್ಟೆಂಬರ್ 3ರಂದು ಮೆಂಡೋಜನು ಲಂಡನ್ನಿನಲ್ಲಿ ತೀರಿಕೊಂಡನು. ಸಂಸಾರಕ್ಕೆ ಬಿಟ್ಟುಹೋಗಲು ಅವನಲ್ಲಿ ಆಸ್ತಿಯಿರಲಿಲ್ಲ. ಪೂರ್ವ ಲಂಡನ್ನಿನ ಮೈಲ್ ಎಂಡ್ ಎಂಬಲ್ಲಿ ಅವನ ಜನರ ರುದ್ರಭೂಮಿಯಲ್ಲಿ ಅವನನ್ನು ಹೂಳಿದರು. 1970ರ ದಶಕದಲ್ಲಿ ಪಕ್ಕದ ಕ್ವೀನ್ ಮೇರಿ ಕಾಲೇಜು ವಿಸ್ತಾರಗೊಂಡಾಗ ಆ ರುದ್ರಭೂಮಿಯ ಒಂದು ಭಾಗವನ್ನು ತೆರವು ಮಾಡಿ, ಸಾವಿರಾರು ಜನರ ಅಸ್ಥಿಗಳನ್ನು ಎಸೆಕ್ಸ್ ಸೀಮೆಯ ಬ್ರೆಂಟ್‌ವುಡ್ಡಿಗೆ ಸಾಗಿಸಿದರು. ಮೆಂಡೋಜನ ಅಸ್ಥಿಗಳೂ ಅವರೊಡನೆ ಹೋದವು. 2008ರಲ್ಲಿ ಆ ಕಾಲೇಜಿನ ಆವರಣದಲ್ಲಿ ಅವನ ಹೆಸರಿನ ಫಲಕವನ್ನು ನಿಲ್ಲಿಸಿದರು. ಅದನ್ನು ಅನಾವರಣ ಮಾಡಿದವನು ಹೆನ್ರಿ ಕೂಪರ್, ಇಂಗ್ಲೆಂಡಿನ ಹೆಸರಾಂತ ಮುಷ್ಟಿಮಲ್ಲ. 1963ರಲ್ಲಿ ತನ್ನ ಎಡಗೈಯ ಒಂದೇ ಗುದ್ದಿನಿಂದ ಮುಂದೆ ಮಹಮ್ಮದ್ ಅಲಿ ಎಂದು ಲೋಕಪ್ರಸಿದ್ಧನಾದ ತರುಣನನ್ನು ನೆಲಕ್ಕೆ ಕೆಡವಿದ್ದವನು.